ಮಣ್ಣಿನ ಗೋಡೆಯ ಹೆಂಚಿನ ಮನೆ: ರಿಪೇರಿಗೆ ಕೈಹಾಕುವ ಮುಂಚೆ

ಊರಲ್ಲಿರುವ ಹಳೇ ಮನೆಯನ್ನು ಸ್ವಂತ ಕೈಯಿಂದಲೇ ಸರಿಮಾಡುವವರು ಮೊದಲು ತೊಲೆಗಳನ್ನು ನೋಡಿ. ಮಧ್ಯದಲ್ಲಿ ಅಲ್ಲ, ಗೋಡೆಯೊಳಗೆ ಕೂತಿರುವ ತುದಿಯಲ್ಲಿ. ಮಲೆನಾಡಿನ ಮಳೆಗೆ ಮರ ಕುಂಬಾಗಿ ಕೊಳೆಯುವುದು ಅಲ್ಲೇ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ. ಸಲೀಸಾಗಿ ಒಳಗೆ ಹೋದರೆ ಆ ಮರ ಮುಗಿಯಿತು ಅಂತಲೇ. ಹೊರಗಿಂದ ಬಣ್ಣ ಚೆನ್ನಾಗಿದ್ದರೂ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಒಳಗೆ ಗೆದ್ದಲು ಇರಬಹುದು.

ಬದಲಿಸುವ ಮುಂಚೆ ಹೆಂಚು ಇಳಿಸಿ, ಎರಡೂ ಇಳಿಜಾರಿಂದ ಸಮವಾಗಿ. ಒಂದೇ ಕಡೆ ಖಾಲಿ ಮಾಡಿದರೆ ಭಾರ ವಾಲುತ್ತದೆ. ತೊಲೆಗೆ ಕಬ್ಬಿಣದ ಜಾಕಿ ಕೊಡಿ, ಕೆಳಗೆ ದಪ್ಪ ಹಲಗೆ ಇರಲಿ. ಇಲ್ಲದಿದ್ದರೆ ಜಾಕಿಯೇ ಮಣ್ಣಿನ ನೆಲದಲ್ಲಿ ಇಳಿಯುತ್ತದೆ. ಹೊಸ ತುದಿಯ ಸುತ್ತ ಒಂದು ಬೆರಳಷ್ಟು ಗಾಳಿಗೆ ಜಾಗ ಬಿಡಿ, ಗಾರೆ ತುರುಕಬೇಡಿ. ಒಬ್ಬರೇ ಇದ್ದಾಗ ಈ ಕೆಲಸ ಬೇಡ.

ಇನ್ನು ಗಿಲಾವು. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಲೇಬೇಡಿ, ಮೇಸ್ತ್ರಿ ಎಷ್ಟೇ ಒತ್ತಾಯ ಮಾಡಲಿ! ನೆಲದ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು ಸಾಕು. ನಿಧಾನವಾಗಿ ಒಣಗಲಿ, ಒದ್ದೆ ಗೋಣಿ ಇಳಿಬಿಡಿ.

ಬಿರುಕು ಕಂಡ ಕೂಡಲೇ ಸುಮ್ನೆ ಮುಚ್ಚಬೇಡಿ. ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ಮಳೆಗಾಲ ಕಳೆದ ಮೇಲೂ ಗೆರೆ ದಾಟದಿದ್ದರೆ ಮಣ್ಣು, ಸುಣ್ಣ ತುಂಬಿ. ದಾಟಿದ್ದರೆ, ಅಥವಾ ಗೋಡೆ ಉಬ್ಬಿದ್ದರೆ, ಅದು ಪಾಯದ ತೊಂದರೆ ಇರಬಹುದು. ಆಗ ಇಂಜಿನಿಯರ್‌ಗೆ ತೋರಿಸಿ.