ಮರದ ಪೆಟ್ಟಿಗೆ ಮಾಡೋದು ಹೇಗೆ? ಮುಚ್ಚಳದಿಂದ ಯೋಚನೆ ಶುರು ಮಾಡಿ

ಹೊಸದಾಗಿ ಮರಗೆಲಸ ಕಲಿಯೋರು ಸ್ಟೂಲು, ಶೆಲ್ಫು ಮುಗಿಸಿದ ಮೇಲೆ ಸಾಮಾನ್ಯವಾಗಿ ಕೈ ಹಾಕೋದು ಬಟ್ಟೆ ಹಾಸಿಗೆ ಇಡೋ ದೊಡ್ಡ ಪೆಟ್ಟಿಗೆಗೆ. ನಾಲ್ಕು ಗೋಡೆ, ಒಂದು ತಳ, ಒಂದು ಮುಚ್ಚಳ, ಇದರಲ್ಲೇನಿದೆ ಅನ್ಸತ್ತೆ. ಆದ್ರೆ ನಾನು ನೋಡಿರೋ ಹಾಳಾದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಡಬ್ಬದಲ್ಲಿ ಗಟ್ಟಿಯಾಗೇ ಇದ್ವು, ಮೂಲೆಗಳೂ ಬಿಗಿ, ತಳವೂ ಬಿಗಿ, ಕೆಟ್ಟಿದ್ದು ಮುಚ್ಚಳ. ಒಂದು ಬೇಸಿಗೆ ಕಳೆಯೋಷ್ಟರಲ್ಲಿ ಬಿಲ್ಲಿನ ಹಾಗೆ ಬಾಗಿರತ್ತೆ, ಇಲ್ಲಾಂದ್ರೆ ಉದ್ದಕ್ಕೂ ಸೀಳು ಬಿಟ್ಟಿರತ್ತೆ, ಮಾಡಿದವರು ಮರ ಸರಿ ಇರ್ಲಿಲ್ಲ ಅಂತ ಮರದ ಮೇಲೆ ಹಾಕ್ತಾರೆ. ಮರದ ತಪ್ಪು ತುಂಬಾ ಕಮ್ಮಿ. ಅದಕ್ಕೇ ಈ ಲೇಖನದಲ್ಲಿ ಡಬ್ಬದ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಮುಚ್ಚಳದ ಹತ್ರ ನಿಧಾನ ಮಾಡ್ತೀನಿ.

1. ಅಳತೆ

ಒಳಗೆ ಏನಿಡ್ತೀರೋ ಅದನ್ನ ಮಡಚಿ ನೆಲದ ಮೇಲೆ ಜೋಡಿಸಿ ಅಳೀರಿ, ಆಮೇಲೆ ಪೆನ್ಸಿಲ್ ಹಿಡೀರಿ. ಕಂಬಳಿ ಹೊದಿಕೆಗೆ ಉದ್ದ 1000 ಮಿ.ಮೀ., ಅಗಲ 450, ಆಳ 400 ರಿಂದ 450 ಸಾಕು. ಆಳ 500 ದಾಟಿಸ್ಬೇಡಿ, ತಳದಲ್ಲಿರೋದು ತೆಗೆಯೋಕೆ ಸೊಂಟ ಮುರ್ಕೊಂಡು ತಲೆ ಒಳಗೆ ಹಾಕ್ಬೇಕಾಗತ್ತೆ, ಆಮೇಲೆ ಕೆಳಗಿರೋ ಸಾಮಾನು ಯಾವತ್ತೂ ಹೊರಗೆ ಬರಲ್ಲ.

2. ಮರ

ಚೆನ್ನಾಗಿ ಒಣಗಿರೋ ಮರ ತಗೊಳ್ಳಿ, ತೇವಾಂಶ ಶೇಕಡ 8 ರಿಂದ 12ರ ಒಳಗಿರ್ಲಿ. ತೇವ ಅಳೆಯೋ ಮೀಟರ್ ಇಟ್ಟು ನೋಡಿದ್ರೆ ಒಂದೇ ನಿಮಿಷದ ಕೆಲಸ. ತಂದ ಹಲಗೆಗಳ ಮಧ್ಯೆ ಸಣ್ಣ ರೀಪು ಕೊಟ್ಟು ಒಂದರ ಮೇಲೊಂದು ಜೋಡಿಸಿ, ಪೆಟ್ಟಿಗೆ ಇರೋ ಕೋಣೆಯಲ್ಲೇ ಎರಡು ವಾರ ಬಿಡಿ. ಎಂಡಿಎಫ್, ಅಂದ್ರೆ ಮರದ ನಾರನ್ನ ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ, ಬೇಡ, ಸಾರಿ ಹೇಳ್ತೀನಿ ಬೇಡ, ಅಂಚಿಗೆ ಒಂದ್ಸಲ ನೀರು ತಾಗಿದ್ರೆ ಬ್ರೆಡ್ಡಿನ ಹಾಗೆ ಉಬ್ಬತ್ತೆ, ಹಿಂಜ್ ಸ್ಕ್ರೂನೂ ಹಿಡ್ಕೊಳ್ಳಲ್ಲ. ತಳಕ್ಕೆ ಪ್ಲೈವುಡ್ ಹಾಕಿದ್ರೆ ನನ್ನ ತಕರಾರಿಲ್ಲ, ಅದು ಒಳ್ಳೆ ಶಾರ್ಟ್‌ಕಟ್. ತೇಗ, ಬೀಟೆ ಥರದ ಎಣ್ಣೆ ಅಂಶದ ಮರ ಆದ್ರೆ ಅಂಟು ಹಚ್ಚೋಕೆ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸ್ಕೊಳ್ಳಿ, ಇಲ್ಲಾಂದ್ರೆ ಅಂಟು ಸರಿಯಾಗಿ ಕಚ್ಚಲ್ಲ.

3. ಡಬ್ಬ

ನಾಲ್ಕೂ ಗೋಡೆಗಳಲ್ಲಿ ಮರದ ನಾರು ಅಡ್ಡಕ್ಕೇ ಓಡ್ಬೇಕು. ಹಾಗಿದ್ರೆ ತೇವಕ್ಕೆ ಹಿಗ್ಗಿದಾಗ ನಾಲ್ಕೂ ಒಟ್ಟಿಗೆ ಮೇಲೆ ಕೆಳಗೆ ಆಡತ್ತೆ, ಒಂದಕ್ಕೊಂದು ಜಗಳ ಇಲ್ಲ. ಪಕ್ಕದ ಹಲಗೆ ನೆಟ್ಟಗೆ ನಿಲ್ಲಿಸಿ ಅದನ್ನೇ ಕಾಲು ಮಾಡಿ ಮೊಳೆ ಹೊಡೆಯೋ ಹಳೇ ಆರು ಹಲಗೆ ಪೆಟ್ಟಿಗೆಗಳಿವೆಯಲ್ಲ, ಅವು ಮುಂದಿನ ಹಲಗೆಯಲ್ಲಿ ಸೀಳಿರೋದು ಇದಕ್ಕೇ, ಒಂದು ಅಡ್ಡ ನಾರು ಒಂದು ಉದ್ದ ನಾರು. ಮೂಲೆಗೆ ಡವ್‌ಟೇಲ್, ಅಂದ್ರೆ ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಕಚ್ಕೊಳ್ಳೋ ಜೋಡಣೆ, ಮಾಡೋಕೆ ಬಂದ್ರೆ ಮೆದು ಮರಕ್ಕೆ 1:6, ಗಟ್ಟಿ ಮರಕ್ಕೆ 1:8 ಇಳಿಜಾರು ಇಡಿ, ಬರದೇ ಇದ್ರೆ ಗಾಡಿ, ಅಂದ್ರೆ ಹಲಗೆಯಲ್ಲಿ ಉದ್ದಕ್ಕೆ ತೋಡೋ ಕಾಲುವೆ, ಕೊರೆದು ಅಂಟು ಸ್ಕ್ರೂ ಹಾಕಿ, ಚೆನ್ನಾಗಿ ಮಾಡಿದ್ರೆ ಅದೂ ತಾಳತ್ತೆ. ಕ್ಲಾಂಪ್ ಬಿಗಿ ಮಾಡಿದ ತಕ್ಷಣ ಎರಡೂ ಕರ್ಣ ಅಳೀರಿ, ಸಮ ಇಲ್ಲಾಂದ್ರೆ ಅಂಟು ಹಸಿ ಇರೋವಾಗ್ಲೇ ಎಳೆದು ಸರಿ ಮಾಡಿ. ತಳ ಗಾಡಿಯಲ್ಲಿ ಸಡಿಲವಾಗಿ ಕೂರ್ಲಿ, ಕೆಳಗೆ 40 ಮಿ.ಮೀ. ಕಾಲು ಕೊಡಿ, ನೆಲದ ತೇವ ತಾಗಲ್ಲ, ಗುಡಿಸೋಕೂ ಆಗತ್ತೆ. ಇಷ್ಟೇ.

ಮುಂದಿನ ಹಲಗೆ ಮೇಲೆ ಕೆತ್ತನೆ ಮಾಡೋ ಆಸೆ ಇದ್ರೆ ಜೋಡಿಸೋಕೆ ಮುಂಚೆನೇ ಮಾಡಿ. ಬೆಂಚಿನ ಮೇಲೆ ಅಂಗಾತ ಮಲಗಿರೋ ಹಲಗೆಗೆ ಉಳಿ ಇಡೋದಕ್ಕೂ ನಿಂತಿರೋ ಪೆಟ್ಟಿಗೆ ಮುಂದೆ ಮಂಡಿಯೂರಿ ಕೆತ್ತೋದಕ್ಕೂ ಅಜಗಜಾಂತರ. ಚಿಲಕ ಎಲ್ಲಿ ಬರತ್ತೆ ಅಂತ ಮೊದಲು ಗೆರೆ ಹಾಕ್ಕೊಳ್ಳಿ. ನಾಲ್ಕು ದಿನ ಕೂತು ಕೆತ್ತಿದ ತಾವರೆ ನಟ್ಟನಡುವೆ ಚಿಲಕದ ತಗಡು ಕೂತಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯತ್ತೆ.

4. ಮುಚ್ಚಳ

ಇಲ್ಲಿ ಒಂದು ವಿಷಯ ಮನಸ್ಸಿಗೆ ಹತ್ತಿಸ್ಕೊಂಡ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಮರ ಉದ್ದಕ್ಕೆ ಹಿಗ್ಗಲ್ಲ, ಅಂದ್ರೆ ಲೆಕ್ಕಕ್ಕೆ ಬರೋಷ್ಟು ಹಿಗ್ಗಲ್ಲ, ಅಗಲಕ್ಕೆ ಹಿಗ್ಗತ್ತೆ. ಕಡಿದು ವರ್ಷ ಇಪ್ಪತ್ತಾದ್ರೂ, ಪಾಲಿಶ್ ಎಷ್ಟೇ ದಪ್ಪ ಇದ್ರೂ, ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಹಿಗ್ಗತ್ತೆ, ಒಣಗಿದಾಗ ಕುಗ್ಗತ್ತೆ. 450 ಮಿ.ಮೀ. ಅಗಲದ ಮುಚ್ಚಳ ತಗೊಳ್ಳಿ, ವರ್ಷದಲ್ಲಿ ಮರದೊಳಗಿನ ತೇವ ಶೇಕಡ 4ರಷ್ಟು ಏರಿಳಿದ್ರೆ ತೇಗದಲ್ಲಿ ಸುಮಾರು 3 ಮಿ.ಮೀ. ವ್ಯತ್ಯಾಸ ಬರತ್ತೆ, ಓಕ್‌ನಲ್ಲಿ 6 ಮಿ.ಮೀ. ದಾಟಬಹುದು. ಈ 3 ಮಿ.ಮೀ. ನೀವು ತಡೆಯೋಕಾಗಲ್ಲ, ಅದಕ್ಕೆ ಜಾಗ ಕೊಡ್ಬೇಕು ಅಷ್ಟೇ. ಜಾಗ ಕೊಡ್ಲಿಲ್ಲ ಅಂದ್ರೆ ಅದೇ ಜಾಗ ಮಾಡ್ಕೊಳ್ಳತ್ತೆ, ಸೀಳ್ಕೊಂಡು.

ಒಂದೇ ಅಗಲ ಹಲಗೆ ಬದಲು 90 ರಿಂದ 120 ಮಿ.ಮೀ.ನ ನಾಲ್ಕೈದು ಪಟ್ಟಿ ಅಂಟಿಸಿ ಮುಚ್ಚಳ ಮಾಡಿ. ಪ್ರತಿ ಪಟ್ಟಿಯ ತುದಿ ನೋಡಿ, ವರ್ಷದ ಬಳೆಗಳು ಕಾಣತ್ತೆ. ಒಣಗುವಾಗ ಆ ಬಳೆಗಳು ನೇರ ಆಗೋಕೆ ನೋಡತ್ತೆ, ಹಾಗಾಗಿ ಹಲಗೆ ತೊಗಟೆ ಕಡೆಗೆ ಮುಖ ಮಾಡಿ ಬಾಗತ್ತೆ. ನಾನು ತಿರುಳಿನ ಕಡೆ ಮೇಲೆ ಬರೋ ಹಾಗೆ, ಅಂದ್ರೆ ತುದಿಯಲ್ಲಿ ಬಳೆಗಳು ಬಟ್ಟಲಿನ ಆಕಾರದಲ್ಲಿ ಕಾಣೋ ಹಾಗೆ ಇಡ್ತೀನಿ. ಆಗ ಒಣ ಕಾಲದಲ್ಲಿ ಬಾಗಿದ್ರೂ ನಡು ಸ್ವಲ್ಪ ಏಳತ್ತೆ, ಮುಂದಿನ ಹಿಂದಿನ ಅಂಚು ಡಬ್ಬದ ಮೇಲೆ ಒತ್ಕೊಂಡೇ ಇರತ್ತೆ. ಒಂದು ಮೇಲೆ ಒಂದು ಕೆಳಗೆ ಅಂತ ಬದಲಾಯಿಸಿ ಇಡೋರೂ ಇದಾರೆ, ಅದರಲ್ಲಿ ಮೇಲ್ಮೈ ಅಲೆ ಅಲೆಯಾಗತ್ತೆ, ನನಗೆ ಹಿಡಿಸಲ್ಲ.

ಈಗ ಕೆಳಗಿನ ಅಡ್ಡಪಟ್ಟಿ. ಮುಚ್ಚಳ ಬಾಗದೇ ಇರ್ಲಿ ಅಂತ ಒಳಮೈಗೆ ಮುಂದಿನಿಂದ ಹಿಂದಕ್ಕೆ ಎರಡು ಮೂರು ಪಟ್ಟಿ ಕೊಡ್ತೀವಿ. ಎಲ್ಲರೂ ಎಡವೋದು ಇಲ್ಲೇ. ಪಟ್ಟಿ ಪೂರ್ತಿ ಅಂಟು ಬಳಿದು, ಮೇಲಿಂದ ಆರು ಸ್ಕ್ರೂ ಬಿಗಿ ಮಾಡಿ, ಈಗ ಆನೆ ಹತ್ತಿದ್ರೂ ಅಲ್ಲಾಡಲ್ಲ ಅಂತ ಖುಷಿ ಪಡ್ತಾರೆ. ಪಟ್ಟಿಯ ಉದ್ದ ಬದಲಾಗಲ್ಲ, ಮುಚ್ಚಳದ ಅಗಲ ಬದಲಾಗತ್ತೆ, ಎರಡನ್ನೂ ಕಟ್ಟಿ ಹಾಕಿದ್ರೆ ಯಾವುದೋ ಒಂದು ಸೋಲ್ಲೇಬೇಕು, ಸೋಲೋದು ಯಾವಾಗ್ಲೂ ಮುಚ್ಚಳ.

ಸರಿಯಾದ ಕ್ರಮ ಹೀಗೆ. 20 ಮಿ.ಮೀ. ದಪ್ಪ, 50 ಅಗಲದ ಪಟ್ಟಿ ತಗೊಳ್ಳಿ, ಉದ್ದ ಡಬ್ಬದ ಒಳ ಅಗಲಕ್ಕಿಂತ 25 ಮಿ.ಮೀ. ಕಮ್ಮಿ ಇರ್ಲಿ, ಮುಚ್ಚುವಾಗ ಗೋಡೆಗೆ ತಾಗಬಾರ್ದು. ನಟ್ಟನಡುವೆ ಒಂದು ಗುಂಡನೆ ತೂತು. ಆ ಕಡೆ ಈ ಕಡೆ ಒಂದೊಂದು ತೂತು, ಇವು ಗುಂಡಗಲ್ಲ, ಪಟ್ಟಿಯ ಉದ್ದಕ್ಕೆ 5-6 ಮಿ.ಮೀ. ಎಳೆದ ಉದ್ದ ತೂತು. ಪಕ್ಕಪಕ್ಕ ಎರಡು ಮೂರು ಸಲ ಡ್ರಿಲ್ ಹೊಡೆದು ಮಧ್ಯದ್ದನ್ನ ಸಣ್ಣ ಅರದಲ್ಲಿ ಉಜ್ಜಿದ್ರೆ ಆಗೋಯ್ತು. ಗುಂಡು ತಲೆ ಸ್ಕ್ರೂ ಕೆಳಗೆ ವಾಷರ್ ಇಟ್ಟು ಹಾಕಿ. ಚಪ್ಪಟೆ ತಲೆಯ ಸ್ಕ್ರೂ ಬೇಡ, ಅದರ ತಲೆಯ ಶಂಕುವಿನ ಆಕಾರ ತೂತಿನಲ್ಲಿ ಬೆಣೆ ಥರ ಕಚ್ಕೊಂಡು ಉದ್ದ ತೂತು ಮಾಡಿದ್ದೇ ದಂಡ ಆಗತ್ತೆ. ಪಟ್ಟಿ 20, ಮುಚ್ಚಳ 20 ಇದ್ರೆ 32 ಮಿ.ಮೀ. ಸ್ಕ್ರೂ ಹಾಕಿ, 12 ಮಿ.ಮೀ. ಹತ್ರ ಮುಚ್ಚಳದೊಳಗೆ ಹೋಗತ್ತೆ. 38ರದ್ದು ಹಾಕಿದ್ರೆ ಮೇಲಿನಿಂದ ಮೊನೆ ಕೈಗೆ ಸಿಗೋದಕ್ಕೆ ಎರಡೇ ಮಿಲಿಮೀಟರ್ ಬಾಕಿ, ಆ ಸಾಹಸ ಯಾಕೆ. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡ್ಕೊಳ್ಳಿ. ನಡುವಿನ ಸ್ಕ್ರೂ ಬಿಗಿ, ಅಕ್ಕಪಕ್ಕದ್ದು ಬಿಗಿ ಮಾಡಿ ಕಾಲು ಸುತ್ತು ಹಿಂದೆ ತಿರುಗಿಸಿ. ಅಂಟು ಒಂದು ಹನಿನೂ ಬೇಡ. ಅಂಟಿಲ್ಲದೆ ಮನಸ್ಸು ತಡೀಲಿಲ್ಲ ಅಂದ್ರೆ ನಡುವಿನ ಸ್ಕ್ರೂ ಸುತ್ತ ಎರಡು ಬೆರಳಗಲ ಹಚ್ಚಿ, ಅದಕ್ಕಿಂತ ಜಾಸ್ತಿ ಖಂಡಿತಾ ಬೇಡ.

ಇನ್ನೊಂದು, ಮೇಲೆ ಮೂರು ಕೋಟ್ ಪಾಲಿಶ್ ಹಾಕಿದ್ರೆ ಒಳಮೈಗೂ ಮೂರು ಕೋಟ್ ಹಾಕಿ. ಯಾರಿಗೂ ಕಾಣಲ್ಲ ಅಂತ ಕೆಳಗೆ ಬರೀ ಮರ ಬಿಟ್ರೆ ಆ ಕಡೆಯಿಂದ ತೇವ ಬೇಗ ಬೇಗ ಓಡಾಡತ್ತೆ, ಈ ಕಡೆಯಿಂದ ನಿಧಾನ, ಮುಚ್ಚಳ ಬಾಗೋಕೆ ಅಷ್ಟೇ ಸಾಕು. ನನ್ನ ಸ್ನೇಹಿತರೊಬ್ಬರದ್ದು ಅಡ್ಡಪಟ್ಟಿ, ಸ್ಕ್ರೂ ಎಲ್ಲ ಸರಿ ಇದ್ದೂ ಮುಂದಿನ ಅಂಚು 8 ಮಿ.ಮೀ. ಮೇಲೆದ್ದಿತ್ತು. ಒಳಗೂ ಪಾಲಿಶ್ ಕೊಟ್ಟು ಒಂದು ಋತು ಕಾದಿದ್ದಕ್ಕೆ ಹೆಚ್ಚುಕಮ್ಮಿ ಕೂತ್ಕೊಳ್ತು.

ಗುಮ್ಮಟದ ಥರ ಮೇಲೆದ್ದ ಮುಚ್ಚಳ ಬೇಕು ಅನ್ನೋರಿಗೆ: ಹಡಗು, ಗಾಡಿ ಮೇಲೆ ಹೋಗ್ತಿದ್ದ ಟ್ರಂಕಿಗೆ ನೀರು ಜಾರಿ ಹೋಗ್ಲಿ ಅಂತ ಆ ಆಕಾರ ಬಂತು, ಮನೆಯೊಳಗೆ ಅದರ ಕೆಲಸ ಇಲ್ಲ, ಮೇಲೆ ಕೂರೋಕೂ ಆಗಲ್ಲ. ಆದ್ರೂ ಚೆಂದ ಅಂದ್ರೆ ಲೆಕ್ಕ ಸುಲಭ. ಒಟ್ಟು ಬಾಗು 60 ಡಿಗ್ರಿ, ಪಟ್ಟಿ 12 ಇದ್ರೆ ಒಂದೊಂದಕ್ಕೆ 5 ಡಿಗ್ರಿ, ಹಾಗಾಗಿ ಪ್ರತಿ ಅಂಚನ್ನ ಎರಡೂವರೆ ಡಿಗ್ರಿ ಓರೆಯಾಗಿ ಕೀಸ್ಬೇಕು. ಹೊರಮೈಗೆ ಅಡ್ಡಡ್ಡ ಟೇಪ್ ಅಂಟಿಸಿ, ತಿರುಗಿಸಿ, ಸಂದಿಗಳಿಗೆ ಅಂಟು ಬಿಟ್ಟು ಮಡಚಿದ್ರೆ ತಾನೇ ಬಾಗ್ಕೊಂಡು ಕೂರತ್ತೆ.

5. ಹಿಂಜ್, ಚಿಲಕ, ಮಕ್ಕಳ ಬೆರಳು

1000×450×20 ಮಿ.ಮೀ. ತೇಗದ ಮುಚ್ಚಳ ಆರು ಕೆಜಿ ಹತ್ರ ತೂಗತ್ತೆ. ಅದು ಮಗುವಿನ ಕೈ ಮೇಲೆ, ಕತ್ತಿನ ಮೇಲೆ ಬೀಳೋದನ್ನ ಒಂದ್ಸಲ ಕಲ್ಪನೆ ಮಾಡ್ಕೊಳ್ಳಿ. ಪಕ್ಕಕ್ಕೊಂದು ಸರಪಳಿ ಕಟ್ಟಿದ್ರೆ ಮುಚ್ಚಳ ಹಿಂದಕ್ಕೆ ಹೋಗೋದು ನಿಲ್ಲತ್ತೆ, ಮುಂದಕ್ಕೆ ಬೀಳೋದು ನಿಲ್ಲಲ್ಲ. ಮುಚ್ಚಳದ ತೂಕ ತಡೆಯೋ, ಯಾವ ಕೋನದಲ್ಲಿ ಬಿಟ್ರೂ ಅಲ್ಲೇ ನಿಲ್ಲೋ ಲಿಡ್ ಸ್ಟೇ ಸಿಗತ್ತೆ, ತೂಕ ಹೇಳಿ ಅದಕ್ಕೆ ತಕ್ಕದ್ದು ತಗೊಳ್ಳಿ. ಬೇರೆ ಎಲ್ಲಾದ್ರೂ ದುಡ್ಡು ಉಳಿಸಿ, ಇಲ್ಲಿ ಬೇಡ.

ಮುಚ್ಚಿದ ತಕ್ಷಣ ತಾನೇ ಬೀಳೋ ಬೀಗ ಯಾವ ಕಾರಣಕ್ಕೂ ಹಾಕ್ಬೇಡಿ. ಅಮೆರಿಕದಲ್ಲಿ 1912ರಿಂದ 1987ರವರೆಗೆ ತಯಾರಾದ ಸುಮಾರು 1 ಕೋಟಿ 20 ಲಕ್ಷ ಸೀಡರ್ ಅನ್ನೋ ಘಮದ ಮರದ ಪೆಟ್ಟಿಗೆಗಳ ಬೀಗ ಬದಲಾಯಿಸ್ಬೇಕು ಅಂತ 1996ರಲ್ಲಿ ಪ್ರಕಟಣೆ ಹೊರಟಿತ್ತು, ಯಾಕಂದ್ರೆ ಆಟಕ್ಕೆ ಒಳಗೆ ಬಚ್ಚಿಟ್ಕೊಂಡ ಮಕ್ಕಳು ಒಳಗಿಂದ ತೆಗೆಯೋಕಾಗದೆ ಉಸಿರುಗಟ್ಟಿ ಸತ್ತಿದ್ರು. ಹೊರಗಿಂದ ಕೈಯಲ್ಲಿ ಹಾಕೋ ಕೊಂಡಿ ಸಾಕು. ಗಾಳಿಯಾಡೋಕೆ ಹಿಂದಿನ ಹಲಗೆಯಲ್ಲಿ ನಾಲ್ಕು ತೂತು ಕೊರೀರಿ, ಒಳಗಿನ ಬಟ್ಟೆಗೂ ಒಳ್ಳೇದು.

ಹಿಂಜ್ ಕೂರೋ ಗುಳಿಯನ್ನ ಪೆನ್ಸಿಲ್ಲಲ್ಲಿ ಅಲ್ಲ, ಚೂಪು ಚಾಕುವಿನಲ್ಲಿ ಗೆರೆ ಎಳೆದು ಗುರುತು ಮಾಡಿ, ಉಳಿ ಆ ಗೆರೆಯಲ್ಲೇ ಕೂತ್ಕೊಳ್ಳತ್ತೆ. ಮೊದಲು ಒಂದೊಂದು ಹಿಂಜಿಗೆ ಒಂದೊಂದೇ ಸ್ಕ್ರೂ ಹಾಕಿ ಮುಚ್ಚಿ ತೆಗೆದು ನೋಡಿ, ಸರಿ ಬಂದ್ಮೇಲೆ ಉಳಿದದ್ದು. ಹಿತ್ತಾಳೆ ಸ್ಕ್ರೂ ಮೆತ್ತಗೆ, ನೇರವಾಗಿ ಗಟ್ಟಿ ಮರಕ್ಕೆ ಹಾಕಿದ್ರೆ ಕತ್ತು ಮುರಿಯತ್ತೆ. ತೂತು ಕೊರೆದು, ಅದೇ ಅಳತೆಯ ಸ್ಟೀಲ್ ಸ್ಕ್ರೂ ಒಂದ್ಸಲ ಹಾಕಿ ತೆಗೆದು ದಾರಿ ಮಾಡಿ, ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಿ. ಹಿತ್ತಾಳೆ ಬಣ್ಣ ಬಳಿದ ತಗಡಿನ ಹಿಂಜ್ ಬರತ್ತಲ್ಲ, ಅಯಸ್ಕಾಂತ ಇಟ್ಟು ನೋಡಿ, ಹಿಡಿದ್ರೆ ಅಂಗಡಿಯವನಿಗೇ ವಾಪಸ್ ಕೊಡಿ.

6. ಅಲಂಕಾರ

ಹಿತ್ತಾಳೆ ಗುಬುಟು ಮೊಳೆ ನನ್ನ ಅಚ್ಚುಮೆಚ್ಚು, ಸಾದಾ ಪೆಟ್ಟಿಗೆಗೂ ಒಂದು ಘನತೆ ಬರತ್ತೆ. ಕಣ್ಣಳತೆಯಲ್ಲಿ ಹೊಡೀಬೇಡಿ. ವಿನ್ಯಾಸ ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿ, ಪ್ರತಿ ಚುಕ್ಕಿಗೂ ಸಣ್ಣ ತೂತು ಕೊರೆದು, ಕಾಗದ ಕಿತ್ತು, ಆಮೇಲೆ ಮೊಳೆ. ಕಬ್ಬಿಣದ ಸುತ್ತಿಗೆ ಬೇಡ, ತಲೆ ಚಪ್ಪಟೆಯಾಗತ್ತೆ, ಮರದ ಕೊಡತಿ ಇಲ್ಲಾ ನೈಲಾನ್ ತಲೆಯದು ಸಾಕು. ಸಾಲಿನಲ್ಲಿ ಒಂದು ಮೊಳೆ ಎರಡು ಮಿ.ಮೀ. ಆಚೆ ಹೋದ್ರೂ ಕಣ್ಣು ಸೀದಾ ಅಲ್ಲಿಗೇ ಹೋಗತ್ತೆ. ಓಕ್ ಥರ ಟ್ಯಾನಿನ್ ಜಾಸ್ತಿ ಇರೋ ಮರಕ್ಕೆ ಕಬ್ಬಿಣದ ಮೊಳೆ ಹೊಡೆದ್ರೆ ಸುತ್ತ ಕಪ್ಪು ಕಲೆ ಕಟ್ಟತ್ತೆ, ಅದು ಹೋಗೋದು ಕಷ್ಟ.

ಬಣ್ಣದಲ್ಲಿ ಚಿತ್ರ ಬರೆಯೋರು ಮೇಲ್ಮೈ ತಯಾರಿಗೆ ಸಮಯ ಕೊಡಿ. 1922ರಲ್ಲಿ ಈಜಿಪ್ಟಿನ ಪುರಾತನ ರಾಜ ತುತನ್‌ಖಾಮನ್ ಸಮಾಧಿಯಲ್ಲಿ ಸಿಕ್ಕ ಮರದ ಪೆಟ್ಟಿಗೆ ಮೇಲಿನ ಬೇಟೆ, ಯುದ್ಧದ ಚಿತ್ರಗಳು ಮೂರು ಸಾವಿರ ವರ್ಷ ದಾಟಿ ಉಳಿದಿವೆ. ಆ ಬಣ್ಣ ಕೂತಿರೋದು ನೇರವಾಗಿ ಮರದ ಮೇಲಲ್ಲ, ಮರಕ್ಕೆ ಬಳಿದ ಗೆಸ್ಸೋ ಅನ್ನೋ ಬಿಳಿ ಲೇಪದ ಮೇಲೆ. ನೀವು ಡಬ್ಬಿಯ ಪ್ರೈಮರ್ ಎರಡು ಕೋಟ್ ಹಾಕಿ, ನಡುವೆ 220 ನಂಬರ್ ಸ್ಯಾಂಡ್ ಪೇಪರ್ ಉಜ್ಜಿದ್ರೆ ಸಾಕು. ಸಂದಿ ತುಂಬೋಕೆ ಅಂಟಿಗೆ ಮರದ ಪುಡಿ ಕಲಸಿ ಮೆತ್ತೋ ಅಭ್ಯಾಸ ಇದೆ, ಬಣ್ಣದ ಕೆಳಗೆ ಆದ್ರೆ ಮಾಡ್ಕೊಳ್ಳಿ, ಪಾಲಿಶ್ ಕೆಳಗೆ ಬೇಡ, ಅಂಟು ಸ್ಟೇನ್, ಅಂದ್ರೆ ಮರಕ್ಕೆ ಹಿಡಿಸೋ ತೆಳು ಬಣ್ಣ, ಕುಡಿಯಲ್ಲ, ತೇಪೆ ಹಾಗೇ ಕಾಣತ್ತೆ.

7. ಪಾಲಿಶ್

ಹೊರಗೆ ನಿಮ್ಮಿಷ್ಟದ ವಾರ್ನಿಶ್ ಹಾಕಿ, ಒಳಗೆ ಮಾತ್ರ ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಶ್ ಹಾಕ್ಬೇಡಿ. ಮುಚ್ಚಿದ ಜಾಗದಲ್ಲಿ ಆ ವಾಸನೆ ವರ್ಷಗಟ್ಟಲೆ ಹೋಗಲ್ಲ, ಬಟ್ಟೆಗೆಲ್ಲ ಹತ್ಕೊಳ್ಳತ್ತೆ. ಒಳಗೋಡೆಗೂ ಮುಚ್ಚಳದ ಒಳಮೈಗೂ ಅರಗಿನ ಪಾಲಿಶ್, ಅಂದ್ರೆ ಶೆಲ್ಲಾಕ್, ಸ್ಪಿರಿಟ್ ಆರಿದ್ಮೇಲೆ ವಾಸನೆಯೇ ಇರಲ್ಲ. ಸೀಡರ್, ಕರ್ಪೂರದ ಮರ ಆದ್ರೆ ಗೋಡೆಗೆ ಏನೂ ಬಳೀಬೇಡಿ, ವಾಸನೆ ಕಮ್ಮಿಯಾದಾಗ ಸ್ಯಾಂಡ್ ಪೇಪರಿನಲ್ಲಿ ಹಗುರಾಗಿ ಉಜ್ಜಿದ್ರೆ ಮತ್ತೆ ಬರತ್ತೆ. ಆದ್ರೆ ಆ ವಾಸನೆ ನಂಬಿ ಬೆವರಿನ ಬಟ್ಟೆ ಒಗೆಯದೆ ಇಡ್ಬೇಡಿ, ನುಸಿಗೆ ಇಷ್ಟ ಆಗೋದು ಅದೇ. ಬರೀ ಮರಕ್ಕೆ ತಾಗಿದ ಬಟ್ಟೆ ಹಳದಿಯಾಗತ್ತೆ, ಒಗೆದ ಹತ್ತಿ ಬಟ್ಟೆ ಒಂದು ಹಾಸಿ.

ಹೊರಗೆ ಅಗಸೆ ಎಣ್ಣೆ ಹಚ್ಚಿದ್ರೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ಅದು ಒಣಗುವಾಗ ಬಿಸಿಯಾಗಿ ತಾನೇ ಬೆಂಕಿ ಹತ್ಕೊಳ್ಳತ್ತೆ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ನೆನೆಸಿಡಿ.

ಎಲ್ಲಾ ಆದ್ಮೇಲೆ ಮುಚ್ಚಳ ತೆಗೆದಿಟ್ಟೇ ಎರಡು ವಾರ ಬಿಡಿ. ಆಮೇಲೆ ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆಗೆದು ಮೂಸಿ ನೋಡಿ, ವಾಸನೆ ಇನ್ನೂ ಮೂಗಿಗೆ ಹೊಡೆದ್ರೆ ಮತ್ತೊಂದು ವಾರ ತೆಗೆದಿಡಿ, ಕಂಬಳಿಗಳು ಅಲ್ಲೀವರೆಗೆ ಹೊರಗೇ ಇರ್ಲಿ.