ಹೊಸ ಬಾತ್‌ರೂಮ್ ಸೋರುತ್ತಿದೆಯೇ? ಜಗಳಕ್ಕೆ ಮೊದಲು ಇಷ್ಟು ಮಾಡಿ

ಟೈಲ್ಸ್ ಫಳಫಳ ಹೊಳೆಯುತ್ತದೆ. ಆದರೆ ತಿಂಗಳೊಳಗೆ ಪಕ್ಕದ ಕೋಣೆಯ ಗೋಡೆಯಲ್ಲಿ ಪೈಂಟ್ ಉಬ್ಬುತ್ತದೆ. ಕೇಳಿದರೆ ಟೈಲ್ಸಿನವರು ಪ್ಲಂಬರ್ ಮೇಲೆ ಹಾಕುತ್ತಾರೆ, ಪ್ಲಂಬರ್ ಟೈಲ್ಸಿನವರ ಮೇಲೆ. ಹಾಗಾಗಿ ತಪ್ಪು ಎಲ್ಲಿದೆ ಅಂತ ಮೊದಲು ನೀವೇ ಪತ್ತೆ ಮಾಡಿ. ಅಲ್ಲಿವರೆಗೆ ಕೊನೆಯ ಕಂತು ನಿಮ್ಮ ಕೈಯಲ್ಲೇ ಇರಲಿ.

ನಮ್ಮ ಕಾಸರಗೋಡಿನ ಕಡೆ ಇನ್ನೊಂದು ತೊಡಕಿದೆ. ಇಲ್ಲಿ ಹೆಚ್ಚಿನ ಮನೆಗಳದ್ದು ಕೆಂಪು ಕಲ್ಲಿನ ಗೋಡೆ. ಅದು ಚೆನ್ನಾಗಿ ನೀರು ಹೀರುತ್ತದೆ. ಜೂನ್, ಜುಲೈಯಲ್ಲಿ ಹೊರಗಿನ ಗೋಡೆ ಒದ್ದೆಯಾದರೆ ಅದು ಮಳೆ ನೀರೋ ಬಾತ್‌ರೂಮಿನದ್ದೋ ಹೇಳುವುದು ಕಷ್ಟ. ಸಾಧ್ಯವಾದರೆ ಒಣ ದಿನಗಳಲ್ಲೇ ಪರೀಕ್ಷೆ ಮಾಡಿ.

ಮೊದಲು ಪೈಪ್ ನೋಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಪಂಪ್ ಹಾಕದೆ, ಮೇಲಿನ ಟ್ಯಾಂಕಿಯ ನೀರಿನ ಮಟ್ಟಕ್ಕೆ ಗುರುತು ಮಾಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮನೆಯ ಪೈಪಿನಲ್ಲಿ ಎಲ್ಲೋ ಸೋರಿಕೆ ಇದೆ. ಮರುದಿನ ರಾತ್ರಿ ಬಾತ್‌ರೂಮಿನ ವಾಲ್ವ್ ಮಾತ್ರ ಮುಚ್ಚಿ ನೋಡಿ. ಈಗ ಇಳಿಯದಿದ್ದರೆ ಸೋರಿಕೆ ಬಾತ್‌ರೂಮಿನ ಪೈಪಿನಲ್ಲೇ, ಪ್ಲಂಬರ್‌ನನ್ನೇ ಕರೆಯಿರಿ. ಫ್ಲಶ್ ಟ್ಯಾಂಕ್ ಸೋರಿದರೂ ಹೀಗೇ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಪೈಪ್ ಸರಿಯಿದ್ದರೆ ನೆಲ. ನೀರು ಹೋಗುವ ತೂತಿಗೆ ಪ್ಲಾಸ್ಟಿಕ್ ಸುತ್ತಿದ ಬಟ್ಟೆ ತುರುಕಿ, ಬಾಗಿಲ ಬಳಿ ಹಸಿ ಮಣ್ಣಿನ ಕಟ್ಟೆ ಮಾಡಿ, ಒಂದೆರಡು ಇಂಚು ನೀರು ನಿಲ್ಲಿಸಿ. ಗೋಡೆಯಲ್ಲಿ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ನೀರು ಎದ್ದು ಕಾಣುವಷ್ಟು ಇಳಿದರೆ, ಅಥವಾ ಕೆಳಗಿನ ಸ್ಲ್ಯಾಬಿನಲ್ಲಿ ಒದ್ದೆ ಕಾಣಿಸಿದರೆ, ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಅದು ಇರುವುದು ಟೈಲ್ಸಿನ ಅಡಿಯಲ್ಲಿ. ಸಂದಿಗೆ ಬಿಳಿ ಸಿಮೆಂಟ್ ಬಳಿದು "ಎಲ್ಲ ಸರಿಯಾಯಿತು" ಅಂದರೆ ಒಪ್ಪಬೇಡಿ.

ಹಾಗೆಯೇ ಒಂದು ಚೆಂಬು ನೀರು ಚೆಲ್ಲಿ ನೋಡಿ. ಮೂಲೆಯಲ್ಲಿ ನಿಂತರೆ ಇಳಿಜಾರು ಸಾಲದು. ಮೀಟರಿಗೆ ಒಂದು ಸೆಂಟಿಮೀಟರ್ ಆದರೂ ಬೇಕು. ನಾಣ್ಯದಿಂದ ಟೈಲ್ಸ್ ತಟ್ಟಿ. ಒಂದೆರಡು ಟೊಳ್ಳು ಸದ್ದು ಕೊಟ್ಟರೆ ದೊಡ್ಡ ವಿಷಯವಲ್ಲ, ಸ್ನಾನ ಮಾಡುವ ಜಾಗದಲ್ಲೇ ಜಾಸ್ತಿ ಇದ್ದರೆ ಎಬ್ಬಿಸಿ ಹಾಕಿಸಬೇಕು. ವಾಸನೆ ಬರುತ್ತಿದ್ದರೆ ಜಾಲರಿ ತೆಗೆದು ಟ್ರ್ಯಾಪಿನಲ್ಲಿ, ಅಂದರೆ ನೀರು ನಿಂತು ಪೈಪಿನ ವಾಸನೆ ತಡೆಯುವ ಭಾಗದಲ್ಲಿ, ನೀರು ಇದೆಯಾ ನೋಡಿ. ಗಲ್ಫಿಗೆ ಹೋದವರ ಬೀಗ ಹಾಕಿದ ಮನೆಯಲ್ಲಿ ಆ ನೀರು ಆರಿರುತ್ತದೆ, ಅಷ್ಟೇ. ಒಂದು ಬಕೆಟ್ ಹೊಯ್ದರೆ ಮುಗಿಯಿತು, ಮೇಸ್ತ್ರಿಯನ್ನು ಸುಮ್ನೆ ಬೈಯಬೇಡಿ.

ತಪ್ಪು ಸಿಕ್ಕಿತಲ್ವಾ, ಈಗ ಮೇಸ್ತ್ರಿಯನ್ನು ಕರೆದು ತೋರಿಸಿ. ಪೆನ್ಸಿಲ್ ಗೆರೆ ಎದುರಿಗಿದ್ದರೆ ವಾದ ಅರ್ಧ ಕಡಿಮೆ. ಒಪ್ಪಿದರೆ ಯಾವ ದಿನ ಬರುತ್ತಾರೆ, ಸಾಮಾನಿನ ಖರ್ಚು ಯಾರದ್ದು ಅಂತ ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ, ಫೋನ್ ತೆಗೆಯದಿದ್ದರೆ, 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಮಲಯಾಳ ಮಾತ್ರ ಓದುವವರಾದರೆ ಮಲಯಾಳದಲ್ಲೇ ಬರೆಸಿ. ಫೋಟೊ, ಬಿಲ್, ಗೂಗಲ್ ಪೇ ಲೆಕ್ಕ ತೆಗೆದಿಡಿ. ಬೇರೆಯವರಿಂದ ಒಡೆಸುವ ಮೊದಲು ವಿಡಿಯೊ ಮಾಡಲು ಮರೆಯಬೇಡಿ. ಒಡೆದ ಮೇಲೆ ಸಾಕ್ಷಿ ಇಲ್ಲ.

ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಕೆಲಸ ಮಾಡಿದವರು ಮಂಗಳೂರಿನವರಾದರೂ ನೀವು ವಾಸವಿರುವ ಕಾಸರಗೋಡಿನಲ್ಲೇ ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂದೂ ಇಲ್ಲ. ಗುತ್ತಿಗೆಗೆ ಕೊಟ್ಟ ಕೆಲಸವಾದರೆ ದೂರು ಗಟ್ಟಿ. ದಿನಗೂಲಿಗೆ ಕರೆದು ನೀವೇ ನಿಂತು ಮಾಡಿಸಿದ್ದರೆ ಅಷ್ಟು ಸುಲಭವಲ್ಲ.