ಅಬರ್ಡೀನ್‌ಗೆ ಹೊಸದಾಗಿ ಬಂದ್ರಾ? ಮೊದ್ಲು 2025ರ ಫುಟ್‌ಬಾಲ್ ಕಪ್ ಕಥೆ ತಿಳ್ಕೊಳ್ಳಿ

ಆಯಿಲ್ ಕಂಪನಿ ಕೆಲ್ಸಕ್ಕೋ ಓದೋಕೋ ಸ್ಕಾಟ್ಲೆಂಡಿನ ಈ ಊರಿಗೆ ಬಂದೋರೆಲ್ಲ ಮೊದ್ಲು ಕೇಳೋದು ಮನೆ ಎಲ್ಲಿ ಸಿಗುತ್ತೆ, ತೊಗರಿಬೇಳೆ ಎಲ್ಲಿ ಸಿಗುತ್ತೆ ಅಂತ, ಅದೆಲ್ಲ ಹೇಗೋ ಸಿಗುತ್ತೆ ಬಿಡಿ. ಆದ್ರೆ ಆಫೀಸಲ್ಲಿ ಪಕ್ಕದ ಸೀಟಿನವನು ಆರು ತಿಂಗಳಾದ್ರೂ ಮಳೆ ಗಾಳಿ ಬಿಟ್ಟು ಬೇರೆ ಮಾತೇ ಆಡ್ತಿಲ್ಲ ಅಂದ್ರೆ, "ಕಪ್ ಫೈನಲ್ ದಿನ ಎಲ್ಲಿದ್ರಿ?" ಅಂತ ಕೇಳಿ ನೋಡಿ. ಕೈಲಿರೋ ಟೀ ಆರಿ ತಣ್ಣಗಾದ್ರೂ ನಿಮ್ಮನ್ನ ಬಿಡಲ್ಲ.

ಕೇಳೋಕ್ ಮುಂಚೆ ಇಷ್ಟು ಗೊತ್ತಿರ್ಲಿ. ಸ್ವೀಡನ್ನಿಂದ ಜಿಮ್ಮಿ ಥೆಲಿನ್ 2024ರಲ್ಲಿ ಈ ಊರಿನ ಫುಟ್‌ಬಾಲ್ ಟೀಮಿಗೆ ಮ್ಯಾನೇಜರ್ ಆಗಿ ಬಂದ್ರು (ಮ್ಯಾನೇಜರ್ ಅಂದ್ರೆ ನಮ್ಮ ಕ್ರಿಕೆಟ್ ಟೀಮಿನ ಥರ ಬಸ್ಸು ಹೋಟ್ಲು ನೋಡ್ಕೊಳೋರಲ್ಲ, ಇಲ್ಲಿ ಆಡ್ಸೋದು ಕೂರ್ಸೋದು ಎಲ್ಲಾ ಅವ್ರೇ). ಬಂದವ್ರೇ ಸತತ 13 ಮ್ಯಾಚ್ ಗೆದ್ದುಬಿಟ್ರು, ಊರಿಗೆ ಊರೇ ತೇಲಾಡ್ತಿತ್ತು, ಆಮೇಲೆ ಚಳಿಗಾಲ ಬಂತು ನೋಡಿ, ಲೀಗಲ್ಲಿ 14 ಮ್ಯಾಚ್ ಒಂದೂ ಗೆಲ್ಲಲಿಲ್ಲ, ಕೊನೆಗೆ ಐದನೇ ಜಾಗ. ಆರ್‌ಸಿಬಿ ಫ್ಯಾನ್ ಆಗಿದ್ರೆ ನಿಮಗೆ ಇದನ್ನೆಲ್ಲ ಬಿಡಿಸಿ ಹೇಳ್ಬೇಕಾಗಿಲ್ಲ.

ಆದ್ರೂ ಸ್ಕಾಟಿಷ್ ಕಪ್ ಫೈನಲ್ ಮುಟ್ಟಿದ್ರು. ಮೇ 24, ಗ್ಲಾಸ್ಗೋದ ಹ್ಯಾಂಪ್ಡೆನ್ ಸ್ಟೇಡಿಯಂ, ಎದುರಿಗೆ ಗ್ಲಾಸ್ಗೋದ್ದೇ ಟೀಮು ಸೆಲ್ಟಿಕ್, ಅವ್ರಿಗೆ ಅದು ಆ ವರ್ಷದ ಮೂರನೇ ಟ್ರೋಫಿ ಆಗ್ಬೇಕಿತ್ತು. ನಾನು ನೋಡಿದ್ದು ಪಕ್ಕದ ಮನೆ ತಾತನ ಸೋಫಾ ಮೇಲೆ. ಮೊದ್ಲು ನಮ್ಮವರೇ ಓನ್ ಗೋಲ್ ಹೊಡ್ಕೊಂಡ್ರು, 83ನೇ ನಿಮಿಷಕ್ಕೆ ಶೇಡನ್ ಮಾರಿಸ್ ಹೊಡೆದ ಬಾಲು ಅವ್ರ ಕೀಪರ್ ಶ್ಮೈಕಲ್‌ಗೆ ತಗುಲಿ ಒಳಗೆ ಹೋಯ್ತು, 1-1. ಕೊನೆಗೆ ಪೆನಾಲ್ಟಿ ಶೂಟೌಟ್. ನಮ್ಮ ಕೀಪರ್ ಮಿಟೊವ್ ಕೊನೇದನ್ನ ತಡೆದಾಗ 4-3, ತಾತ ಕೂಗಲಿಲ್ಲ, ಕುಣೀಲಿಲ್ಲ, ಟೋಪಿ ತೆಗೆದು ಮುಖಕ್ಕೆ ಒತ್ಕೊಂಡು ಕೂತ್ಬಿಟ್ರು. ಇದಕ್ ಮುಂಚೆ ಈ ಕಪ್ ಬಂದಿದ್ದು 1990ರಲ್ಲಿ, ಆಗ್ಲೂ ಸೆಲ್ಟಿಕ್ ಮೇಲೆ, ಆಗ್ಲೂ ಪೆನಾಲ್ಟಿಲಿ.

ಹತ್ತೇ ದಿನಕ್ಕೆ ಆರ್‌ಸಿಬಿ ಗೆದ್ದು ನಾನು ಕಿರುಚಿದ್ದು ಕೇಳಿ ತಾತ ಬಾಗ್ಲು ತಟ್ಟಿದ್ರು. ಹದಿನೆಂಟು ವರ್ಷ ಕಾದಿದ್ದು ತಾತ ಅಂದೆ. "ಬರೀ ಹದಿನೆಂಟಾ?" ಅಂದು ನಕ್ಕು ಹೋದ್ರು.

ಇನ್ನೊಂದೆರಡು ಮಾತು. ಅಲೆಕ್ಸ್ ಫರ್ಗ್ಯುಸನ್ (ಇಲ್ಲಿನ ಹಳೇ ಮ್ಯಾನೇಜರ್, ಆಮೇಲೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದೋರು) ಹೆಸರು ಬಂದಾಗ ಮ್ಯಾಂಚೆಸ್ಟರ್ ಅನ್ನೋಕೆ ಹೋಗ್ಬೇಡಿ, ಅವ್ರು 1983ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಸೋಲ್ಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ತಂದಿದ್ದು ಈ ಊರಿಗೆ. ಯಾರಾದ್ರೂ "ಫಿಟ್ ಲೈಕ್?" ಅಂದ್ರೆ ಹೇಗಿದೀರಾ ಅಂತ, ಗಾಬರಿ ಆಗ್ಬೇಡಿ. ಪಿಟೋಡ್ರಿಗೆ ಮ್ಯಾಚ್ ನೋಡೋಕೆ ಹೋದ್ರೆ ಹಸಿರು (ಸೆಲ್ಟಿಕ್ ಬಣ್ಣ), ನೀಲಿ (ಗ್ಲಾಸ್ಗೋದ ಇನ್ನೊಂದು ಟೀಮು ರೇಂಜರ್ಸ್ ಬಣ್ಣ) ಶರ್ಟ್ ಬೇಡ, ನಮ್ಮ ಟೀಮಿನ ಕೆಂಪೇ ಇರ್ಲಿ, ಅದರ ಮೇಲೆ ನಿಮ್ಮ ಹತ್ರ ಇರೋ ದಪ್ಪನೆ ಜಾಕೆಟ್, ಸ್ಟೇಡಿಯಂ ಇರೋದು ಸಮುದ್ರದ ಪಕ್ಕಕ್ಕೇ, ಆ ಗಾಳಿಗೆ ಊರಿಂದ ತಂದ ಸ್ವೆಟರ್ ಏನೇನೂ ಸಾಲಲ್ಲ.